ಊರಿನ ಮಳೆಯನ್ನೂ ವಿಚಾರಿಸಿ: ಹವಾಮಾನ ಆತಂಕ, ಯುವಜನ ಮತ್ತು ಆಪ್ತ ಸಮಾಲೋಚಕರು



2021ರಲ್ಲಿ 'ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. ಕ್ಯಾರೊಲಿನ್ ಹಿಕ್‌ಮನ್ ಮತ್ತು ಸಂಗಡಿಗರು ಹತ್ತು ದೇಶಗಳಲ್ಲಿ, ದೇಶಕ್ಕೆ ಸಾವಿರದಂತೆ, 16ರಿಂದ 25 ವರ್ಷದ 10,000 ಯುವಜನರನ್ನು ಹವಾಮಾನ ಬದಲಾವಣೆಯ ಬಗ್ಗೆ ಕೇಳಿದ್ದರು. ಅವರಲ್ಲಿ ಶೇ. 59ರಷ್ಟು ಜನ ತಮಗೆ ಬಹಳ ಅಥವಾ ವಿಪರೀತ ಚಿಂತೆಯಿದೆ ಎಂದರು. ಭವಿಷ್ಯ ನೆನೆದರೆ ಹೆದರಿಕೆಯಾಗುತ್ತದೆ ಎಂದವರು ಶೇ. 75. ಊಟ, ನಿದ್ದೆ, ಓದು, ಗೆಳೆತನ ಇಂಥ ದಿನನಿತ್ಯದ ಬದುಕಿಗೇ ಈ ಚಿಂತೆಯಿಂದ ಪೆಟ್ಟು ಬಿದ್ದಿದೆ ಎಂದವರು ಒಟ್ಟಾರೆ ಶೇ. 45ಕ್ಕಿಂತ ಹೆಚ್ಚು. ಭಾರತದ ಯುವಜನರನ್ನಷ್ಟೇ ತೆಗೆದುಕೊಂಡರೆ ಈ ಕೊನೆಯ ಸಂಖ್ಯೆ ಶೇ. 74ಕ್ಕೆ ಏರುತ್ತದೆ.

ಸಮೀಕ್ಷೆ ನಡೆದದ್ದು ಅಂತರ್ಜಾಲದಲ್ಲಿ. ಕೈಯಲ್ಲಿ ಫೋನು, ಅದರಲ್ಲಿ ಡೇಟಾ ಇದ್ದವರು ಮಾತ್ರ ಉತ್ತರಿಸಿದ್ದಾರೆ. ಆದ್ದರಿಂದ ಇದನ್ನು ಇಡೀ ಭಾರತದ ಯುವಜನರ ಮಾತು ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಕಾಲೇಜುಗಳ ಸಮಾಲೋಚನಾ ಕೊಠಡಿಗೆ ಬಂದು ಕೂರುವ ಮಕ್ಕಳು ಹೆಚ್ಚುಕಡಿಮೆ ಇವರೇ. ಹಾಗಿದ್ದೂ ನಮ್ಮ ದಾಖಲಾತಿ ಪುಸ್ತಕ ತೆರೆದರೆ 'ಪರೀಕ್ಷೆಯ ಭಯ', 'ಪ್ರೇಮ ವೈಫಲ್ಯ', 'ಮನೆಯಲ್ಲಿ ಜಗಳ', 'ಮೊಬೈಲ್ ಗೀಳು' ಎಂಬ ನಮೂದುಗಳೇ ಸಿಗುತ್ತವೆ. ಮಳೆ, ಬರ, ಬಿಸಿಲು, ಹೊಳೆ ಎಂಬ ಮಾತು ಅಲ್ಲಿ ಕಾಣುವುದು ಅಪರೂಪ. ಮಕ್ಕಳು ಹೇಳಲಿಲ್ಲವೇ, ಅಥವಾ ನಾವು ಕೇಳಲಿಲ್ಲವೇ? ನಾವು ಕೇಳಲಿಲ್ಲ ಎಂದೇ ನನ್ನ ನಂಬಿಕೆ. ಈ ಉಪನ್ಯಾಸ ಆ ಕೇಳುವ ಕೆಲಸದ ಬಗ್ಗೆ.

ಮೊದಲು ಒಂದು ತಕರಾರನ್ನು ಎದುರಿಸಬೇಕು. ಹವಾಮಾನ ಆತಂಕ ಎನ್ನುವುದು ಹೊಟ್ಟೆ ತುಂಬಿದವರ ಚಿಂತೆ, ಯುರೋಪಿನ ಮಕ್ಕಳ ಚಿಂತೆ, ನಮ್ಮವರಿಗೆ ಅದಕ್ಕಿಂತ ದೊಡ್ಡ ಕಷ್ಟಗಳಿವೆ ಎನ್ನುವವರು ನಮ್ಮ ವೃತ್ತಿಯೊಳಗೇ ಇದ್ದಾರೆ. 2003ರಲ್ಲಿ ಮಲಪ್ರಭೆಯ ದಡದ ಹಳ್ಳಿಯೊಂದರಲ್ಲಿ ಹುಟ್ಟಿದ ಹುಡುಗನನ್ನು ನೆನೆಸಿಕೊಳ್ಳಿ. 2009ರ ಮಹಾಪೂರ ಬಂದಾಗ ಅವನಿಗೆ ಆರು ವರ್ಷ. ಮನೆ ಕಳೆದುಕೊಂಡವರಿಗೆ ಸರ್ಕಾರದ ಪುನರ್ವಸತಿಯ 'ಆಸರೆ' ಮನೆಗಳು ಬಂದವು. ಹಲವರು ಅಲ್ಲಿಗೆ ಹೋದರು, ಹೊಲ ದೂರವಾಯಿತೆಂದು ಹಳೆಯ ಊರಲ್ಲೇ ಉಳಿದವರೂ ಇದ್ದರು. 2019ರ ಆಗಸ್ಟಿನಲ್ಲಿ ಹೊಳೆ ಮತ್ತೆ ಊರೊಳಗೆ ಬಂದಾಗ ಅವನಿಗೆ ಹದಿನಾರು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದಾಗ ಇಪ್ಪತ್ತು. ಅವನ ಬಾಯಲ್ಲಿ ಹವಾಮಾನ ಬದಲಾವಣೆ ಎಂಬ ಪದ ಒಮ್ಮೆಯೂ ಬಾರದಿರಬಹುದು. 'ಹೊಳಿ ಮತ್ತ ಬರ್ತದ್ರಿ. ಬರದಿದ್ರ ಬರ ಬರ್ತದ. ಓದಿ ಏನ್ ಮಾಡೂದದ?' ಎಂದಷ್ಟೇ ಅಂದಾನು. ಅದನ್ನು ನಾವು ಓದಿನಲ್ಲಿ ನಿರಾಸಕ್ತಿ ಎಂದು ಬರೆದುಕೊಂಡು ಕಳಿಸಿಬಿಟ್ಟರೆ ಅವನ ಕಷ್ಟದ ಅರ್ಧಭಾಗ ನಮ್ಮ ಪುಸ್ತಕಕ್ಕೆ ಬಂದೇ ಇಲ್ಲ.

ಇನ್ನೊಂದು ಕಡೆ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗಿ ರಾತ್ರಿ ಎರಡು ಗಂಟೆಯವರೆಗೆ ಫೋನಿನಲ್ಲಿ ಕರಗುವ ಹಿಮ, ಉರಿಯುವ ಕಾಡು ನೋಡುತ್ತಾ 'ನಾನು ಮಕ್ಕಳನ್ನು ಹೆರುವುದು ತಪ್ಪಲ್ಲವಾ?' ಎಂದು ಕೇಳುತ್ತಾಳೆ. ಆ ಹುಡುಗನಿಗೂ ಈ ಹುಡುಗಿಗೂ ಒಂದೇ ರೀತಿಯ ನೆರವು ಸಾಲದು. ಆದರೆ ಇಬ್ಬರ ಭಯವೂ ನಿಜವಾದ ಸಂಗತಿಯೊಂದರಿಂದಲೇ ಹುಟ್ಟಿದ್ದು. ಒಬ್ಬನದು ಬಡವನ ಕಷ್ಟ, ಇನ್ನೊಬ್ಬಳದು ಶ್ರೀಮಂತರ ಖಯಾಲಿ ಎಂದು ವಿಂಗಡಿಸಿದರೆ ಇಬ್ಬರೂ ನಮ್ಮ ಕೈತಪ್ಪಿ ಹೋಗುತ್ತಾರೆ.

ಇಲ್ಲಿ ನಮ್ಮ ತರಬೇತಿಯೇ ನಮಗೆ ಅಡ್ಡ ಬರುತ್ತದೆ. ಆತಂಕ ಎಂದರೆ ನಿಜವಾದ ಅಪಾಯಕ್ಕಿಂತ ದೊಡ್ಡದಾಗಿ ಬೆಳೆದ ಭಯ ಎಂದು ನಮಗೆ ಕಲಿಸಿದ್ದಾರೆ. ಅರಿವಿನ ವರ್ತನಾ ಚಿಕಿತ್ಸೆಯಲ್ಲಿ, ಅಂದರೆ ಸಿಬಿಟಿಯಲ್ಲಿ, ನಾವು ಕೇಳುವ ಪ್ರಶ್ನೆ 'ನೀನು ಹೀಗೆ ಯೋಚಿಸುವುದಕ್ಕೆ ಸಾಕ್ಷ್ಯ ಏನಿದೆ?' ಎಂದು. ಲಿಫ್ಟಿನಲ್ಲಿ ಉಸಿರುಗಟ್ಟಿ ಸಾಯುತ್ತೇನೆ ಎನ್ನುವವರಿಗೆ ಈ ಪ್ರಶ್ನೆ ಮದ್ದಿನಂತೆ ಕೆಲಸ ಮಾಡುತ್ತದೆ. ಹವಾಮಾನದ ವಿಷಯದಲ್ಲಿ ಇದೇ ಪ್ರಶ್ನೆ ಕೇಳಿದರೆ ಆ ಹುಡುಗಿ ತನ್ನ ಫೋನು ತೆಗೆದು ವಿಶ್ವಸಂಸ್ಥೆಯ ವರದಿಯನ್ನೇ ನಮ್ಮ ಮುಂದಿಡುತ್ತಾಳೆ. ಆಮೇಲೆ ನಾವು ಆಡುವ ಸಮಾಧಾನದ ಮಾತೆಲ್ಲ ಅವಳ ಕಿವಿಗೆ ಸುಳ್ಳಾಗಿ ಕೇಳುತ್ತದೆ. 'ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಮ್ಮ' ಎಂದ ಕ್ಷಣವೇ, ತನ್ನ ಮಾತು ಕೇಳಿಸಿಕೊಳ್ಳದ ದೊಡ್ಡವರ ಸಾಲಿನಲ್ಲಿ ಅವಳು ನಮ್ಮನ್ನೂ ಸೇರಿಸುತ್ತಾಳೆ. ಸರ್ಕಾರಗಳು ತಮಗೆ ದ್ರೋಹ ಬಗೆದಿವೆ ಎಂಬ ಭಾವನೆಗೂ ಈ ಮಕ್ಕಳ ಸಂಕಟಕ್ಕೂ ನಂಟಿದೆ ಎಂದು ಹಿಕ್‌ಮನ್ ಅವರ ಸಮೀಕ್ಷೆಯೇ ತೋರಿಸಿದೆ. ಸಮಾಲೋಚಕರ ಕೊಠಡಿಯಲ್ಲಿ ಆ ಭಾವನೆಗೆ ಇನ್ನೊಂದು ಪುರಾವೆ ಸಿಗಬಾರದು.

ಹಾಗಾದರೆ ಎಲ್ಲ ಹವಾಮಾನ ಆತಂಕವೂ ಆರೋಗ್ಯಕರವೇ? ಖಂಡಿತ ಅಲ್ಲ. ಮಾನಸಿಕ ಕಾಯಿಲೆಗಳ ಅಧಿಕೃತ ಪಟ್ಟಿಗಳಲ್ಲಿ ಇದು ಕಾಯಿಲೆಯಾಗಿ ಸೇರಿಲ್ಲ. ಸೇರಬಾರದು ಎಂಬುದೇ ನನ್ನ ಅಭಿಪ್ರಾಯವೂ ಹೌದು. ಆದರೆ ಇರುವ ಕಾಯಿಲೆಗಳು ಈ ಭಯವನ್ನು ತೊಟ್ಟುಕೊಂಡು ಬರುತ್ತವೆ. ಆಸ್ಟ್ರೇಲಿಯಾದಲ್ಲಿ ದೀರ್ಘ ಬರಗಾಲ ನಡೆಯುತ್ತಿದ್ದಾಗ ಮೆಲ್ಬರ್ನಿನ ಹದಿನೇಳರ ಹುಡುಗನೊಬ್ಬ ನೀರು ಕುಡಿಯುವುದನ್ನೇ ಬಿಟ್ಟ. ತಾನು ಕುಡಿದರೆ ನೀರು ಮುಗಿದು ಲಕ್ಷಾಂತರ ಜನ ಸಾಯುತ್ತಾರೆ ಎಂದು ಅವನು ನಂಬಿದ್ದ. ಅವನಿಗೆ ತೀವ್ರ ಖಿನ್ನತೆಯಿತ್ತು, ಆಸ್ಪತ್ರೆಯ ಚಿಕಿತ್ಸೆ ಬೇಕಾಗಿತ್ತು. ಈ ಪ್ರಕರಣ 2008ರಲ್ಲಿ ಅಲ್ಲಿನ ಮನೋವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. ಅದೇ ದೇಶದಲ್ಲಿ ಗೀಳು ಕಾಯಿಲೆಯಿದ್ದ 50 ಮಂದಿಯನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14 ಮಂದಿಯ ಗೀಳು ಹವಾಮಾನದ ಸುತ್ತ ಹೆಣೆದುಕೊಂಡಿತ್ತು. ನಲ್ಲಿ ಸೋರುತ್ತಿದೆಯೇ, ಸ್ವಿಚ್ ಆರಿದೆಯೇ ಎಂದು ಮತ್ತೆ ಮತ್ತೆ ನೋಡುವುದು ಇಂಥವರ ಪಾಡು. ಇಂಥ ಮಕ್ಕಳಿಗೆ 'ನಿನ್ನ ಭಯ ನ್ಯಾಯವಾದದ್ದು' ಎಂದು ಬೆನ್ನು ತಟ್ಟಿ ಕಳಿಸಿದರೆ ಅದು ಅಪರಾಧ. ಖಿನ್ನತೆಗೆ, ಗೀಳಿಗೆ ಇರುವ ಚಿಕಿತ್ಸೆ, ಬೇಕಾದರೆ ಮಾತ್ರೆ, ಇವರಿಗೆ ಸಿಗಲೇಬೇಕು.

ನ್ಯಾಯವಾದ ಭಯವನ್ನೂ ಕಾಯಿಲೆಯನ್ನೂ ಬೇರ್ಪಡಿಸುವುದು ಹೇಗೆ? ಭಯದ ವಿಷಯವನ್ನು ಬಿಟ್ಟು ಭಯ ಬದುಕಿಗೆ ಏನು ಮಾಡುತ್ತಿದೆ ಎಂಬುದನ್ನು ನೋಡಬೇಕು. ಚಿಂತೆಯಿದ್ದೂ ಉಣ್ಣುತ್ತಾರೆಯೇ, ಮಲಗುತ್ತಾರೆಯೇ, ಗೆಳೆಯರೊಂದಿಗೆ ನಗುತ್ತಾರೆಯೇ, ನಾಳೆಗೆ ಏನಾದರೂ ಅಂದುಕೊಂಡಿದ್ದಾರೆಯೇ? ಇವು ಇದ್ದರೆ ನಮ್ಮ ಮುಂದಿರುವುದು ಎಚ್ಚರದ ಮನಸ್ಸು. ವಾರಗಟ್ಟಲೆ ನಿದ್ದೆಯಿಲ್ಲ, ತೂಕ ಇಳಿದಿದೆ, ಯಾವುದೂ ಬೇಡವಾಗಿದೆ ಎಂದಾದರೆ ಖಿನ್ನತೆಯ ಕಡೆ ನೋಡಬೇಕು. 'ಮುಂದೇನೂ ಇಲ್ಲ' ಎಂಬ ಮಾತು ಬಂದಾಗಲಂತೂ ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಲೇಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಹೆದರಿಕೆ ನಮ್ಮ ಹೊಸ ಸಮಾಲೋಚಕರಲ್ಲಿ ಇನ್ನೂ ಇದೆ. ಅದು ಹುಸಿ ಹೆದರಿಕೆ. ಕೇಳಿಸಿಕೊಂಡ ಮಕ್ಕಳಿಗೆ ಎಷ್ಟೋ ಸಲ ಎದೆಯ ಭಾರ ಇಳಿಯುತ್ತದೆ.

ಇನ್ನು ಕೊಡಗಿನಂಥ ಕಡೆ ನೋಡುವುದು ಬೇರೆಯೇ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆ, ತೋಟ, ರಸ್ತೆ ಹೋದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಿತ್ತು. ಅದೇ ತಿಂಗಳ ಕೊನೆಯಲ್ಲಿ ನೆರೆಯ ವಯನಾಡಿನ ಊರುಗಳು ಮಣ್ಣಿನಡಿ ಹೋದವು. ಇಂಥದ್ದನ್ನು ಕಣ್ಣಾರೆ ಕಂಡ ಹುಡುಗಿಗೆ ಮರುವರ್ಷ ಜೂನಿನಲ್ಲಿ ಹೆಂಚಿನ ಮೇಲೆ ಮಳೆ ಬಿದ್ದ ಸದ್ದು ಕೇಳಿದರೂ ಎದೆ ಢವಢವ ಎನ್ನಬಹುದು. ಅದು ಕಂಡದ್ದರ ಗಾಯ, ಬರಲಿರುವುದರ ಚಿಂತೆ ಮಾತ್ರವಲ್ಲ. ಆಘಾತದ ನಂತರದ ಆರೈಕೆ ಅವಳಿಗೆ ಬೇಕು. ಆದರೆ ಆ ಆರೈಕೆಯ ಪಾಠಪುಸ್ತಕ 'ಆಪತ್ತು ಮುಗಿದಿದೆ, ಈಗ ನೀನು ಸುರಕ್ಷಿತ' ಎಂಬ ನೆಲೆಯ ಮೇಲೆ ನಿಂತಿದೆ. ಮನೆಯ ಹಿಂದೆ ಬಿರುಕು ಬಿಟ್ಟ ಬರೆ ಇನ್ನೂ ನಿಂತಿರುವಾಗ ಈ ಮಾತನ್ನು ಹೇಳುವುದು ಹೇಗೆ? ಹೇಳಬಾರದು. ಆ ಕ್ಷಣಕ್ಕೆ ಏನು ಸುರಕ್ಷಿತ, ಯಾವಾಗ ಅಪಾಯ, ಅಪಾಯ ಬಂದಾಗ ಯಾರಿಗೆ ಫೋನು ಮಾಡಬೇಕು, ಯಾವ ಸಂಬಂಧಿಕರ ಮನೆಗೆ ಹೋಗಬೇಕು, ಅಜ್ಜಿಯ ಔಷಧಿ ಯಾವ ಚೀಲದಲ್ಲಿರಬೇಕು ಎಂದು ಅವಳ ಜತೆ ಕೂತು ಬರೆಯಬೇಕು. ಮನೆಯವರನ್ನೂ ಕರೆದು ಅದನ್ನು ಓದಿಸಬೇಕು. ಉಸಿರಾಟದ ವ್ಯಾಯಾಮ ಕಲಿಸುವುದಕ್ಕೆ ಮೊದಲು ಮಾಡಬೇಕಾದ ಕೆಲಸ ಇದು. ಇದನ್ನು ವಿಪತ್ತು ನಿರ್ವಹಣೆಯವರ ಕೆಲಸ ಎಂದು ಬಿಟ್ಟುಕೊಡುವುದು ನನಗೆ ಒಪ್ಪಿಗೆಯಿಲ್ಲ. ಕೈಯಲ್ಲೊಂದು ದಾರಿ ಇದೆ ಎಂದಾಗ ಮಾತ್ರ ಅವಳ ದೇಹ ಸಡಿಲಗೊಳ್ಳುತ್ತದೆ.

ಬರದ ಊರುಗಳಲ್ಲಿ ಭಯ ಸಾಲದ ರೂಪದಲ್ಲಿ, ಓದು ನಿಲ್ಲಿಸುವ ರೂಪದಲ್ಲಿ, ಬೇಗ ಮದುವೆ ಮಾಡುವ ರೂಪದಲ್ಲಿ ಬರುತ್ತದೆ. ಟಾಮಾ ಕಾರ್ಲ್‌ಟನ್ ಎಂಬ ಸಂಶೋಧಕಿ 2017ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ, ಭಾರತದಲ್ಲಿ ಮೂವತ್ತು ವರ್ಷಗಳಲ್ಲಿ ಏರಿದ ತಾಪಮಾನಕ್ಕೂ ಸುಮಾರು 59,300 ಆತ್ಮಹತ್ಯೆಗಳಿಗೂ ನಂಟಿದೆ. ಬೆಳೆಯ ಹಂಗಾಮಿನ ಬಿಸಿಲು ಇದರಲ್ಲಿ ಮುಖ್ಯ. ಅಪ್ಪನ ಬೆಳೆ ಒಣಗುವುದನ್ನು ಹಾಸ್ಟೆಲಿನಿಂದ ಫೋನಿನಲ್ಲಿ ಕೇಳಿಸಿಕೊಳ್ಳುವ ಹುಡುಗನಿಗೆ ಭಾವನೆಗಳ ಮಾತು ಒಂದೇ ಸಾಲದು. ವಿದ್ಯಾರ್ಥಿವೇತನದ ಅರ್ಜಿ, ಬೆಳೆ ವಿಮೆ, ಶುಲ್ಕಕ್ಕೆ ಕಾಲಾವಕಾಶ ಇವುಗಳ ಬಗ್ಗೆ ಪ್ರಾಂಶುಪಾಲರ ಹತ್ತಿರ ಒಂದು ಮಾತಾಡುವ ಸಮಾಲೋಚಕರು ಅವನ ಮನಸ್ಸನ್ನೂ ಉಳಿಸುತ್ತಾರೆ.

ಈಗ ಫೋನಿನ ಮುಂದೆ ಕೂತ ಹುಡುಗಿಯ ಕಡೆ ಬರೋಣ. ಇವಳ ಜತೆ ಮಾತಾಡಬೇಕಾದರೆ ಸಮಾಲೋಚಕರಿಗೆ ಸ್ವಲ್ಪ ವಿಜ್ಞಾನ ಗೊತ್ತಿರಬೇಕು. 2015ರ ಪ್ಯಾರಿಸ್ ಒಪ್ಪಂದ ಭೂಮಿಯ ಬಿಸಿಯೇರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಲು ಯತ್ನಿಸಬೇಕು ಎಂದಿತು. 2024ನೇ ವರ್ಷದ ಸರಾಸರಿ ಆ ಗಡಿ ದಾಟಿತು ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿತು. ಆ ಸುದ್ದಿ ಓದಿದ ಅನೇಕ ಮಕ್ಕಳು '1.5 ದಾಟ್ತು, ಇನ್ನೆಲ್ಲ ಮುಗೀತು' ಅಂದುಕೊಂಡರು. ಒಪ್ಪಂದದ ಗುರಿ ಒಂದು ವರ್ಷದ ಲೆಕ್ಕವಲ್ಲ, ಸುಮಾರು ಎರಡು ದಶಕಗಳ ಸರಾಸರಿ. ಅದಕ್ಕಿಂತ ಮುಖ್ಯವಾಗಿ, 1.5 ಎನ್ನುವುದು ಆಚೆ ಬಿದ್ದರೆ ಪಾತಾಳ ಎನ್ನುವಂಥ ಅಂಚಲ್ಲ. 1.6 ಡಿಗ್ರಿ 1.7ಕ್ಕಿಂತ ಮೇಲು, 1.7 ಎರಡಕ್ಕಿಂತ ಎಷ್ಟೋ ಮೇಲು. ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿಸಿದರೂ ಅಷ್ಟು ಜನರ ಬೆಳೆ, ಮನೆ, ಜೀವ ಉಳಿಯುತ್ತದೆ. ಇಷ್ಟು ತಿಳಿದ ಸಮಾಲೋಚಕರು ಆ ಹುಡುಗಿಯ ಭಯವನ್ನು ಅಲ್ಲಗಳೆಯದೆಯೇ 'ಎಲ್ಲ ಮುಗಿಯಿತು' ಎಂಬ ತೀರ್ಮಾನವನ್ನು ಮಾತ್ರ ಅವಳೊಂದಿಗೆ ಕೂತು ಪರಿಶೀಲಿಸಬಹುದು. ಸಿಬಿಟಿಯ ಆ ಪ್ರಶ್ನೆಗೆ ಸರಿಯಾದ ಜಾಗ ಇದು. ಬಿಸಿಯೇರುತ್ತಿರುವುದು ಸತ್ಯ, ಎಲ್ಲ ಮುಗಿಯಿತೆಂಬುದು ಸತ್ಯವಲ್ಲ. ಎರಡನ್ನೂ ಒಂದೇ ಉಸಿರಲ್ಲಿ ಹೇಳಲು ನಮಗೆ ಬರಬೇಕು.

ಸ್ವೀಡನ್ನಿನ ಮರಿಯಾ ಓಯಲ ಈ ವಿಷಯದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಸಂಶೋಧಕಿ. ಹನ್ನೆರಡರ ಆಸುಪಾಸಿನ ಮಕ್ಕಳು ಹವಾಮಾನದ ಚಿಂತೆಯನ್ನು ಹೇಗೆ ನಿಭಾಯಿಸುತ್ತಾರೆಂದು ಅವರು ನೋಡಿದರು. ಕೆಲವರು ಅದರ ಬಗ್ಗೆ ಯೋಚಿಸುವುದನ್ನೇ ಬಿಡುತ್ತಾರೆ. ಕೆಲವರು ತಾವೇ ಏನಾದರೂ ಮಾಡಿ ಸಮಸ್ಯೆ ಬಗೆಹರಿಸಲು ಹೊರಡುತ್ತಾರೆ. ಇನ್ನು ಕೆಲವರು ಬೇರೆಯವರೂ ಕೆಲಸ ಮಾಡುತ್ತಿದ್ದಾರೆ, ಸಮಾಜ ಹಿಂದೆಯೂ ಬದಲಾಗಿದೆ, ನಾನು ಮಾಡುವುದಕ್ಕೊಂದು ಅರ್ಥವಿದೆ ಎಂಬ ನಂಬಿಕೆಯನ್ನು ಕಟ್ಟಿಕೊಳ್ಳುತ್ತಾರೆ. ತಾವೇ ಬಗೆಹರಿಸಲು ಹೊರಟ ಮಕ್ಕಳು ಒಳ್ಳೆಯ ಕೆಲಸ ಮಾಡುತ್ತಾರೆ, ಜತೆಗೆ ಹೆಚ್ಚು ನೋಯುತ್ತಾರೆ ಕೂಡ. ಆ ನೋವಿಗೆ ಆಧಾರವಾಗುವುದು ಮೂರನೆಯ ಬಗೆಯ ನಂಬಿಕೆ. ನಮ್ಮ ಶಾಲೆಗಳಲ್ಲಿ ಪರಿಸರ ದಿನದಂದು ಮಕ್ಕಳಿಗೆ 'ಭೂಮಿಯನ್ನು ಉಳಿಸುವುದು ನಿಮ್ಮ ಕೈಯಲ್ಲಿದೆ' ಎಂದು ಭಾಷಣ ಮಾಡುವ ಹಿರಿಯರೆಲ್ಲ ಇದನ್ನು ಯೋಚಿಸಬೇಕು. ಹನ್ನೆರಡರ ಮಗುವಿನ ಕೈಯಲ್ಲಿ ಭೂಮಿಯನ್ನು ಇಡುವುದು ಕ್ರೌರ್ಯ.

ಒಂಟಿಯಾಗಿ ಮಾಡುವುದಕ್ಕೂ ಕೂಡಿ ಮಾಡುವುದಕ್ಕೂ ಮನಸ್ಸಿನ ಮಟ್ಟಿಗೆ ಬಹಳ ವ್ಯತ್ಯಾಸವಿದೆ. ಅಮೆರಿಕದ ವಿದ್ಯಾರ್ಥಿಗಳ ಬಗ್ಗೆ 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ಹವಾಮಾನ ಆತಂಕಕ್ಕೂ ಖಿನ್ನತೆಗೂ ಇರುವ ನಂಟನ್ನು ನೋಡಿತು. ಗುಂಪಿನಲ್ಲಿ ಸೇರಿ ಕೆಲಸ ಮಾಡುವವರಲ್ಲಿ ಆ ನಂಟು ಸಡಿಲವಾಗಿತ್ತು. ತಮ್ಮ ಪಾಡಿಗೆ ತಾವು ಪ್ಲಾಸ್ಟಿಕ್ ಬಿಡುವುದು, ದೀಪ ಆರಿಸುವುದು ಇಂಥ ಒಂಟಿ ಕೆಲಸಕ್ಕೆ ಆ ಶಕ್ತಿ ಇರಲಿಲ್ಲ. ಇದು ನಮಗೆ ಹೊರಗಿನಿಂದ ಬರಬೇಕಾದ ಪಾಠವೂ ಅಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿಯ ಸಾಲ್ಕಣಿ ಸುತ್ತಿನ ಯುವಕರು, ಹೆಂಗಸರು ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಅಪ್ಪಿಕೋ ಚಳವಳಿಯನ್ನು ಕಾಡು ಉಳಿಸಿದ್ದಕ್ಕಾಗಿ ನಾವು ನೆನೆಯುತ್ತೇವೆ. ಕಾಡು ಹೋಗುತ್ತಿದೆ ಎಂದು ಮನೆಯಲ್ಲಿ ಕೊರಗುತ್ತಿದ್ದ ಹದಿಹರೆಯದವರಿಗೆ ಆ ನಡಿಗೆ ಏನು ಮಾಡಿರಬಹುದು ಎಂಬುದನ್ನೂ ಮನಃಶಾಸ್ತ್ರದವರಾದ ನಾವು ಕೇಳಿಕೊಳ್ಳಬೇಕು.

ಹಾಗೆಂದು ಸಮಾಲೋಚಕರು ಮಕ್ಕಳನ್ನು ಚಳವಳಿಗೆ ಭರ್ತಿ ಮಾಡಬೇಕಿಲ್ಲ; ಆತಂಕಕ್ಕೆ ಮದ್ದಾಗಿ ಕೆಲಸವನ್ನು ಬರೆದುಕೊಡುವುದು ತಪ್ಪು. ದುಃಖಕ್ಕೆ ಅದರದೇ ಸಮಯ ಬೇಕು. ಕೆನಡಾದ ಲ್ಯಾಬ್ರಡಾರಿನ ಇನ್ಯೂಟ್ ಜನರ ನಡುವೆ ಕೆಲಸ ಮಾಡಿದ ಆ್ಯಶ್ಲಿ ಕನ್ಸೋಲೋ, ಕರಗುತ್ತಿರುವ ಸಮುದ್ರದ ಮಂಜುಗಡ್ಡೆಯ ಜತೆ ತಮ್ಮ ಬದುಕಿನ ದಾರಿಗಳೂ ಕಳೆದುಹೋಗುತ್ತಿವೆ ಎಂದು ಅಲ್ಲಿನವರು ದುಃಖಿಸುವುದನ್ನು ದಾಖಲಿಸಿದ್ದಾರೆ. ಸತ್ತವರಿಗಾಗಿ ಅಳುವುದಕ್ಕೆ ನಮ್ಮಲ್ಲಿ ಹನ್ನೊಂದನೆಯ ದಿನ, ಹದಿಮೂರನೆಯ ದಿನ ಎಂದು ವಿಧಿಗಳಿವೆ. ಬತ್ತಿದ ಕೆರೆಗೆ, ಜರಿದ ಗುಡ್ಡಕ್ಕೆ, ಬಿಟ್ಟು ಬಂದ ಊರಿಗೆ ಅಳಲು ಯಾವ ದಿನವೂ ಇಲ್ಲ. ಹಾಗಾಗಿ ಆ ಅಳು ನಮ್ಮ ಕೊಠಡಿಯಲ್ಲಿ ಬಂದರೆ ಬರಲಿ, ಅದನ್ನು ಬೇಗ ಒರೆಸಲು ಹೋಗುವುದು ಬೇಡ. ಆಮೇಲೆ ಹಾಗೆ ಅತ್ತ ಹುಡುಗನೇ 'ಏನಾದ್ರೂ ಮಾಡ್ಬೇಕು ಅನ್ಸುತ್ತೆ ಮೇಡಂ' ಎಂದಾಗ, ಅವನ ಊರಿನ ಕೆರೆ ಸಮಿತಿಯನ್ನೋ ಕಾಲೇಜಿನ ಎನ್‌ಎಸ್‌ಎಸ್ ಘಟಕವನ್ನೋ ತೋರಿಸೋಣ.

ಸಮಾಲೋಚಕರ ಬಗ್ಗೆಯೂ ಒಂದು ಮಾತು ಹೇಳಬೇಕು. ಬೇರೆ ಯಾವ ಕಷ್ಟ ಕೇಳುವಾಗಲೂ ನಾವು ಅದರ ಹೊರಗೆ ಇರುತ್ತೇವೆ. ಇಲ್ಲಿ ಹಾಗಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದಾಗ ಸಮಾಲೋಚಕರ ಮನೆಯಲ್ಲೂ ನೀರಿರಲಿಲ್ಲ. ಮಕ್ಕಳ ಭವಿಷ್ಯದ ಮಾತು ಬಂದಾಗ ನಮ್ಮ ಮನೆಯ ಮಕ್ಕಳೂ ಕಣ್ಣ ಮುಂದೆ ಬರುತ್ತಾರೆ. ಆ ಹೊತ್ತಿನಲ್ಲಿ ನಮಗರಿಯದೆ ಮಾತು ಬದಲಿಸುತ್ತೇವೆ, 'ನಿನ್ನ ಅಮ್ಮನ ಜತೆ ಹೇಗಿದೆ?' ಎಂದು ಪರಿಚಿತ ದಾರಿಗೆ ಹೊರಳುತ್ತೇವೆ. ಪರಿಸರದ ಬಿಕ್ಕಟ್ಟಿನ ಬಗ್ಗೆ ಮನಸ್ಸಿನ ಚಿಕಿತ್ಸಕರೇ ಮೌನವಾಗಿದ್ದಾರೆ ಎಂದು ಅಮೆರಿಕದ ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ ಬರೆದದ್ದು 1972ರಲ್ಲಿ. ಅರ್ಧ ಶತಮಾನ ಕಳೆದಿದೆ. ತಿಂಗಳಿಗೊಮ್ಮೆ ನಾಲ್ಕೈದು ಸಮಾಲೋಚಕರು ಸೇರಿ, ಹಿರಿಯರೊಬ್ಬರ ಎದುರು, ಈ ವಿಷಯದ ತಮ್ಮ ಭಯವನ್ನೂ ಸಿಟ್ಟನ್ನೂ ಹೇಳಿಕೊಳ್ಳುವ ವ್ಯವಸ್ಥೆ ಬೇಕೇ ಬೇಕು. ಇದಕ್ಕೆ ದುಡ್ಡಿನ ಖರ್ಚಿಲ್ಲ.

ಇಷ್ಟೆಲ್ಲ ಮಾಡಲು ಜನ ಎಲ್ಲಿದ್ದಾರೆ ಎಂದು ಕೇಳುವಿರಿ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಹೆಚ್ಚಿನ ಮಾನಸಿಕ ತೊಂದರೆಗಳಿಗೆ ಶೇ. 70ಕ್ಕೂ ಹೆಚ್ಚು ಜನ ಚಿಕಿತ್ಸೆಯೇ ಇಲ್ಲದೆ ಉಳಿದಿರುವುದು ಕಂಡಿತು. ಜಗತ್ತಿನ ಸ್ಥಿತಿಯೂ ಉತ್ತಮವಾಗಿಲ್ಲ: ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 95 ದೇಶಗಳನ್ನು ವಿಚಾರಿಸಿದಾಗ, ಹವಾಮಾನ ಮತ್ತು ಆರೋಗ್ಯದ ಯೋಜನೆಯಲ್ಲಿ ಮನಸ್ಸಿನ ಆರೈಕೆಯನ್ನು ಸೇರಿಸಿದ್ದ ದೇಶಗಳು ಒಂಬತ್ತೇ. ಆದರೆ ಈ ರಾಜ್ಯಕ್ಕೆ ಒಂದು ಪರಂಪರೆಯಿದೆ. 1984ರ ಭೋಪಾಲ್ ದುರಂತದ ನಂತರ ನಿಮ್ಹಾನ್ಸ್‌ನವರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಮನಸ್ಸಿನ ಆರೈಕೆಯನ್ನು ಕಲಿಸಿದರು. ಎಂಬತ್ತರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೇ ತರಬೇತಿ ಕೊಟ್ಟು ನಡೆಸಿದ ಪ್ರಯೋಗ, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಜ್ಞರು ಕಡಿಮೆ ಇದ್ದಾಗ ತಿಳಿವಳಿಕೆಯನ್ನು ಹಂಚುವುದು ನಮಗೆ ಗೊತ್ತಿರುವ ವಿದ್ಯೆ. ರಾಜ್ಯದ ಯುವಜನರ ನೆರವಿನ ಕಾರ್ಯಕ್ರಮ ಯುವ ಸ್ಪಂದನದ ಕಾರ್ಯಕರ್ತರು, ಆಶಾ ಕಾರ್ಯಕರ್ತೆಯರು, ಪಿಯು ಕಾಲೇಜಿನ ಉಪನ್ಯಾಸಕರು, ಹಾಸ್ಟೆಲ್ ಮೇಲ್ವಿಚಾರಕರು ಇವರಿಗೆ ಬೇಕಾಗಿರುವುದು ಸಣ್ಣ ತರಬೇತಿ: ಭಯವನ್ನು ಹೀಗಳೆಯದೆ ಕೇಳುವುದು, ಕಾಯಿಲೆಯ ಲಕ್ಷಣ ಗುರುತಿಸುವುದು, ಯಾರ ಬಳಿ ಕಳಿಸಬೇಕೆಂದು ತಿಳಿದಿರುವುದು. 2022ರಿಂದ ನಡೆಯುತ್ತಿರುವ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಪ್ರತಿ ಹಾಸ್ಟೆಲಿನ ಗೋಡೆಯ ಮೇಲಿರಬೇಕು. ಅಲ್ಲಿ ಕರೆ ತೆಗೆದುಕೊಳ್ಳುವವರಿಗೂ ಈ ವಿಷಯದ ತರಬೇತಿ ಸಿಗಬೇಕು.

ಕೊನೆಯದಾಗಿ, ಇಲ್ಲಿ ಕೂತಿರುವ ನನ್ನ ವೃತ್ತಿಬಾಂಧವರಿಗೆ ಎರಡು ಕೋರಿಕೆ. ಮೊದಲ ಭೇಟಿಯಲ್ಲಿ ನಾವು ತುಂಬುವ ಅರ್ಜಿಯಲ್ಲಿ ಮನೆ, ಓದು, ನಿದ್ದೆ, ಕುಡಿತದ ಪ್ರಶ್ನೆಗಳ ಪಕ್ಕದಲ್ಲೇ ಎರಡು ಪ್ರಶ್ನೆ ಸೇರಿಸಿ: 'ನಿಮ್ಮೂರಲ್ಲಿ ಈ ವರ್ಷ ಮಳೆ ಹೇಗಾಯಿತು? ಅದರಿಂದ ಮನೆಗೆ ಏನಾಯಿತು?' ಪ್ರಶ್ನೆ ಸರಳವಾಗಿದೆ, ಯಾರನ್ನೂ ನೋಯಿಸುವುದಿಲ್ಲ. ಮಂಡ್ಯದವರೂ ಮಂಗಳೂರಿನವರೂ ಉತ್ತರಿಸಬಲ್ಲರು. ಎರಡನೆಯದು, ಕೊಡಗು, ಉತ್ತರ ಕನ್ನಡ, ಬೆಳಗಾವಿ, ಬಾಗಲಕೋಟೆಯ ಕಾಲೇಜು ಮತ್ತು ಹಾಸ್ಟೆಲುಗಳಿಗೆ ಸಮಾಲೋಚಕರ ತಂಡ ಹೋಗುವುದು ದುರಂತ ನಡೆದ ಮೇಲೆ ಮಾತ್ರ ಆಗಬಾರದು. ಮುಂಗಾರಿಗೆ ಮೊದಲೇ ಮಕ್ಕಳನ್ನು ಭೇಟಿಯಾಗಿ, ಹೆಸರು ಪರಿಚಯ ಮಾಡಿಕೊಂಡು, ಮಳೆ ಬಂದಾಗ ಯಾರಿಗೆ ಫೋನು ಮಾಡಬೇಕೆಂದು ತಿಳಿಸಿ ಬನ್ನಿ. ಜುಲೈನ ರಾತ್ರಿಯೊಂದರಲ್ಲಿ ಆ ಫೋನು ಬಂದಾಗ, ಆಚೆ ಬದಿಯ ದನಿ ಅವರಿಗೆ ಗೊತ್ತಿರುವ ದನಿಯಾಗಿರಲಿ.